ಶನಿವಾರದ ವಿಮಾನ, ಶುಕ್ರವಾರದ ಗಂಟು

ವಿಮಾನದ ಟಿಕೆಟ್ಟು ಶನಿವಾರಕ್ಕೆ ತೆಗೆಸಿದ್ದು ಶ್ರೀಪಾದರಾಯರ ಮೊದಲ ತಪ್ಪು. ಆ ಸುದ್ದಿಯನ್ನು ಹಲಬರ್ಗಾದಲ್ಲಿದ್ದ ಸೋದರತ್ತೆ ಪುತಳಾಬಾಯಿಗೆ ಫೋನು ಮಾಡಿ ಹೇಳಿದ್ದು ಎರಡನೆಯ ತಪ್ಪು. ಮೊದಲನೆಯದಕ್ಕೆ ಮಾಫಿ ಇತ್ತು, ಎರಡನೆಯದಕ್ಕೆ ಇರಲಿಲ್ಲ.

"ಶನಿವಾರ? ಏ ಶ್ರೀಪ್ಯಾ, ನಿನ್ನ ತಲಿ ನೆಟ್ಟಗದ ಇಲ್ಲ? ಶನಿವಾರ ಪೂರ್ವಕ್ಕ ಶೂಲಿ ಇರ್ತದ, ಆ ದಿಕ್ಕಿಗಿ ಹೊರಡಬಾರದು!"

"ಅತ್ಯಾ, ನಾವು ಹೋಗೋದು ದಿಲ್ಲಿಗಿರಿ. ದಿಲ್ಲಿ ಪೂರ್ವಕ್ಕಿಲ್ಲ."

"ದಿಲ್ಲಿ ಇರ್ಲಿ ಆಕಡಿ. ವಿಮಾನ ಎಲ್ಲಿ ಹತ್ತೋದು?"

"ಹೈದರಾಬಾದದಾಗರಿ. ಶಂಷಾಬಾದ ಏರಪೋರ್ಟ."

"ಹೈದರಾಬಾದ ನಮ್ಮ ಬೀದರಕ್ಕ ಯಾವ ದಿಕ್ಕಿಗದ?"

"ಪೂರ್ವಕ್ಕರಿ," ಎಂದು ಶ್ರೀಪಾದರಾಯರು ಒಪ್ಪಿಕೊಂಡರು. ಪುತಳಾಬಾಯಿ ಅಷ್ಟಕ್ಕೇ ಬಿಡಲಿಲ್ಲ. ಶುಕ್ರವಾರ ಬೆಳಗಿನ ಮೊದಲ ಬಸ್ಸಿಗೆ ಬೀದರಕ್ಕೆ ಬಂದಿಳಿದರು. ಒಂದು ಕೈಯಲ್ಲಿ ಪಂಚಾಂಗ, ಇನ್ನೊಂದು ಕೈಯಲ್ಲಿ ದಾರಿಗೆಂದು ತಂದ ಜೋಳದ ರೊಟ್ಟಿಯ ಗಂಟು. ತಾಯಿ ಇಲ್ಲದ ಶ್ರೀಪಾದರಾಯರನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವರು ಈ ಅತ್ತೆ. ಅವರ ಮಾತು ಮೀರಿದವರು ಆ ಮನೆತನದಲ್ಲಿ ಇನ್ನೂ ಹುಟ್ಟಿರಲಿಲ್ಲ. ಮದುವೆಯಾಗಿ ಬಂದವರು ಒಬ್ಬರಿದ್ದರು. ಅವರು ಶ್ರೀಪಾದರಾಯರ ಹೆಂಡತಿ ಕುಮುದಿನಿ.

ಈ ವಿಮಾನದ ಕತೆ ಶುರುವಾದದ್ದೇ ಕುಮುದಿನಿಯಿಂದ. ಬೀದರದಲ್ಲಿ ಇರುವವರಿಗೆ ವಿಮಾನ ಹೊಸದಲ್ಲ. ವಾಯುಪಡೆಯ ತರಬೇತಿ ವಿಮಾನಗಳು ಬೆಳಗಾದರೆ ತಲೆಯ ಮೇಲೆ ಗಿರಕಿ ಹೊಡೆಯುತ್ತವೆ. ಇಪ್ಪತ್ನಾಲ್ಕು ವರ್ಷದ ಹಿಂದೆ ಹೊಸ ಸೊಸೆಯಾಗಿ ಬಂದ ಕುಮುದಿನಿ ಮಾಳಿಗೆಯ ಮೇಲೆ ಶ್ಯಾವಿಗೆ ಒಣಹಾಕುವುದನ್ನು ಬಿಟ್ಟು ಬಾಯಿ ತೆರೆದು ಮೇಲೆ ನೋಡುತ್ತ ನಿಂತಿದ್ದಳು. ಹೊಸ ಗಂಡನ ಹುರುಪಿನಲ್ಲಿ ಶ್ರೀಪಾದರಾಯರು, "ಒಂದಿನ ನಿನಗ ವಿಮಾನದಾಗ ಕೂಡಸ್ತೇನಿ ನೋಡು" ಅಂದುಬಿಟ್ಟರು. ಆಮೇಲೆ ಎರಡು ಸಲ ಟಿಕೆಟ್ಟು ತೆಗೆಸಿದ್ದರು. ಒಂದು ಸಲ ಕೊರೊನಾ ಬಂತು. ಇನ್ನೊಂದು ಸಲ ಅವರು ಗ್ರಂಥಪಾಲಕರಾಗಿದ್ದ ಖಾಸಗಿ ಕಾಲೇಜಿಗೆ ತಪಾಸಣೆಯವರು ಬಂದರು. ಎರಡೂ ಸಲ ಕುಮುದಿನಿ ಕಟ್ಟಿದ ಚೀಲ ಬಿಚ್ಚಿ, ಸೀರೆಗಳನ್ನು ಒಂದೊಂದಾಗಿ ಕಪಾಟಿನಲ್ಲಿ ಇಟ್ಟಿದ್ದಳು.

"ಇದು ಮೂರನೇ ಸಲರಿ," ಅಂದಿದ್ದಳು ಈಗ. "ಈ ಸಲನೂ ತಪ್ಪಿತಂದ್ರ ನಾ ಮತ್ತ ಬಾಯಿ ಬಿಟ್ಟು ಕೇಳಂಗಿಲ್ಲ. ಮ್ಯಾಲ ವಿಮಾನ ಬಂದ್ರ ಮುಖ ಎತ್ತಿ ನೋಡಂಗೂ ಇಲ್ಲ."

ಬೀದರದಲ್ಲಿದ್ದುಕೊಂಡು ವಿಮಾನ ನೋಡದೇ ಇರಬೇಕೆಂದರೆ ದಿನಕ್ಕೆ ನಲವತ್ತು ಸಲ ಮುಖ ತಗ್ಗಿಸಬೇಕು. ಆ ದೃಶ್ಯವನ್ನು ಕಲ್ಪಿಸಿಕೊಂಡು ಶ್ರೀಪಾದರಾಯರು ಈ ಸಲ ತಪ್ಪಿಸುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿದ್ದರು. ದಿಲ್ಲಿಯಲ್ಲಿ ಕುಮುದಿನಿಯ ತಂಗಿ ಭಕ್ತಿಯ ಮನೆಯಲ್ಲಿ ಮೂರು ದಿನ ಇರುವುದು, ಬರುವಾಗ ರೈಲಿನಲ್ಲಿ ಬಂದು ಗುರುವಾರ ಮನೆ ಮುಟ್ಟುವುದು. ಎಲ್ಲ ಪಕ್ಕಾ ಆಗಿತ್ತು.

"ಹೆದರಬ್ಯಾಡ. ಪ್ರಸ್ಥಾನ ಇಟ್ಟರಾಯ್ತು," ಅಂದರು ಪುತಳಾಬಾಯಿ, ಪಂಚಾಂಗ ಮಡಿಸುತ್ತ.

ಪ್ರಸ್ಥಾನ ಎಂದರೆ ಪಂಚಾಂಗದ ಕಣ್ಣಿಗೆ ಮಣ್ಣೆರಚುವ ಒಂದು ಸಭ್ಯ ಉಪಾಯ. ಹೊರಡುವ ದಿನ ಕೆಟ್ಟದ್ದಿದ್ದರೆ ಅದರ ಹಿಂದಿನ ಒಳ್ಳೆಯ ದಿನವೇ ಅಕ್ಕಿ, ಅಡಕೆ, ಅರಿಸಿನ ಕೊಂಬು, ಜೊತೆಗೆ ಪ್ರವಾಸಕ್ಕೆ ಒಯ್ಯುವ ವಸ್ತು ಒಂದನ್ನು ಗಂಟು ಕಟ್ಟಿ, ಹೋಗುವ ದಿಕ್ಕಿನಲ್ಲಿರುವ ಪರರ ಮನೆಯಲ್ಲಿ ಇಟ್ಟುಬರಬೇಕು. ಗಂಟು ಹೊರಟಿತೆಂದರೆ ನೀವೇ ಹೊರಟ ಹಾಗೆ. ಮರುದಿನ ದೇಹ ಹಿಂದಿನಿಂದ ಹೋಗಿ ಗಂಟನ್ನು ಕೂಡಿಕೊಂಡರೆ ಸಾಕು. ಪುತಳಾಬಾಯಿಯ ಪ್ರಕಾರ ಷರತ್ತು ಎರಡೇ. ಗಂಟು ತೆಗೆದುಕೊಳ್ಳಲೆಂದು ಹೊರಬಿದ್ದ ಮೇಲೆ ಮತ್ತೆ ಮನೆಯ ಹೊಸ್ತಿಲು ತುಳಿಯಬಾರದು. ಏರಪೋರ್ಟ ಮುಟ್ಟುವ ತನಕ ಗಂಟು ಬಿಚ್ಚಬಾರದು.

ಪೂರ್ವದ ಮನೆ ದರ್ಜಿ ಕಲೀಮನದು. ಗೋಡೆಗೆ ಗೋಡೆ ಹತ್ತಿದ ಮನೆ. ಕಲೀಮನೇ ಅಂಗಡಿಯಲ್ಲಿ ಕೈಗೆ ಸಿಕ್ಕ ಕೆಂಪು ಬಟ್ಟೆಯಲ್ಲಿ ಎರಡು ಪುಟ್ಟ ಚೀಲ ಹೊಲಿದುಕೊಟ್ಟ. ಗಂಡನಿಗೊಂದು, ಹೆಂಡತಿಗೊಂದು.

ಈಗ ಒಳಗೆ ಇಡುವ ವಸ್ತು ಯಾವುದು? ಪುತಳಾಬಾಯಿ ಕರವಸ್ತ್ರ ಸಾಕು ಅಂದರು. ಆದರೆ ಶ್ರೀಪಾದರಾಯರ ತಲೆಯೊಳಗಿನ ಗ್ರಂಥಪಾಲಕ ಎದ್ದು ಕುಳಿತ. ಮೂವತ್ತು ವರ್ಷ ಅವರು ಮಾಡಿದ ಕೆಲಸವೆಂದರೆ ಬೇಕಾದ ವಸ್ತು ಬೇಕಾದ ಜಾಗದಲ್ಲಿ ಇರುವ ಹಾಗೆ ನೋಡಿಕೊಳ್ಳುವುದು. ಏರಪೋರ್ಟಿನ ಬಾಗಿಲಲ್ಲಿ ಎಲ್ಲಕ್ಕಿಂತ ಮೊದಲು ಕೇಳುವುದು ಆಧಾರ ಕಾರ್ಡು. ಎಲ್ಲಕ್ಕಿಂತ ಮೊದಲು ಮರೆಯುವುದೂ ಅದನ್ನೇ. ಪ್ರಸ್ಥಾನದ ಗಂಟನ್ನು ಮಾತ್ರ ಯಾರೂ ಮರೆತು ಹೋಗುವಂತಿಲ್ಲ. ಅಂದ ಮೇಲೆ ಆಧಾರ ಕಾರ್ಡಿಗೆ ಅದಕ್ಕಿಂತ ಭದ್ರವಾದ ಜಾಗ ಯಾವುದು? ಎರಡು ಕಾರ್ಡನ್ನು ಎರಡು ಚೀಲದಲ್ಲಿ ಹಾಕಿ, ಗಟ್ಟಿಯಾಗಿ ಹೊಲಿಸಿ, ತಮ್ಮ ಜಾಣತನಕ್ಕೆ ತಾವೇ ಖುಷಿಪಟ್ಟು, ಕಲೀಮನ ಮನೆಯ ಗೂಡಿನಲ್ಲಿ ಇಟ್ಟುಬಂದು ನೆಮ್ಮದಿಯಿಂದ ಮಲಗಿದರು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಬಾಡಿಗೆಯ ಕಾರು ತಂದು ಡ್ರೈವರ ಜುನೈದ ಹಾರ್ನು ಹೊಡೆದ. ವಿಮಾನ ಇದ್ದದ್ದು ಸಂಜೆ ನಾಲ್ಕೂವರೆಗೆ. ಮೂರೂವರೆಯೊಳಗೆ ಸಾಮಾನು ಒಪ್ಪಿಸಬೇಕು. ದಾರಿ ಮೂರು ತಾಸಿನದು. ಕುಮುದಿನಿ ಹೊಸ ಇಳಕಲ್ಲ ಸೀರೆ ಉಟ್ಟು ಕಾರಿನ ಕಿಟಕಿಯ ಬದಿಗೆ ಕೂತಳು. ಮನೆ ಕಾಯಲು ನಿಂತ ಪುತಳಾಬಾಯಿ ಮೊಸರು, ಸಕ್ಕರೆ ಬಾಯಿಗಿಟ್ಟು ಹರಸಿದರು. ಶ್ರೀಪಾದರಾಯರು ದಾಪುಗಾಲು ಹಾಕಿ ಕಲೀಮನ ಬಾಗಿಲಿಗೆ ಹೋದರು.

ಬಾಗಿಲಿಗೆ ಬೀಗ.

ಬೀಗವನ್ನು ಎರಡು ಸಲ ಎಳೆದು ನೋಡಿದರು. ಎದುರು ಮನೆಯ ಕಟ್ಟೆಯ ಮೇಲೆ ಪೇಪರು ಓದುತ್ತಿದ್ದ ಬಸವೇಶ್ವರಿ ಟೀಚರು ಕನ್ನಡಕದ ಮೇಲಿಂದ ನೋಡಿದರು. ಮೂವತ್ತೈದು ವರ್ಷ ಹೆಣ್ಣುಮಕ್ಕಳ ಸಾಲಿಯಲ್ಲಿ ಭೂಗೋಳ ಕಲಿಸಿ ರಿಟೈರ ಆದವರು.

"ಕಲೀಮ ಭಾಯಿ ಮುಂಜಾನಿ ಎದ್ದು ಭಾಲ್ಕಿಗಿ ಹೋದರ್ರಿ. ಅಣ್ಣನ ಮಗಳ ನಿಕಾ ಅದ. ನಿಮ್ಮ ಗಂಟು ಖಾಲಿ ಮನ್ಯಾಗ ಇಡಬಾರದಂತ ಜೋಡಿ ಒಯ್ದಾರ."

ಶ್ರೀಪಾದರಾಯರು ಬೀಗ ಬಿಟ್ಟು ಕಟ್ಟೆಯ ಹತ್ತಿರ ಬಂದರು. "ಎರಡೂ ಗಂಟು ಒಯ್ದಾರೇನ್ರಿ?"

"ಎರಡೆಲ್ಲಿದು? ಒಂದು," ಅಂದರು ಟೀಚರು, ಪೇಪರು ಮಡಿಸುತ್ತ. "ಇನ್ನೊಂದು ನಾ ಇಸ್ಕೊಂಡೆ. ಅಲ್ರಿ, ನೀವು ಓದಿದವರು. ದಿಲ್ಲಿ ಯಾವ ದಿಕ್ಕಿಗದ? ಉತ್ತರಕ್ಕ. ಉತ್ತರಕ್ಕ ಹೋಗೋರು ಪೂರ್ವಕ್ಕ ಪ್ರಸ್ಥಾನ ಇಟ್ಟರ ನಕಾಶಿ ಒಪ್ಪತದೇನ್ರಿ? ಅದಕ್ಕ ಒಂದು ಏರಪೋರ್ಟಿನ ಸಲುವಾಗಿ ಪೂರ್ವದಾಗ ಇರ್ಲಿ, ಒಂದು ದಿಲ್ಲಿ ಸಲುವಾಗಿ ಉತ್ತರಕ್ಕ ಹೋಗ್ಲಿ ಅಂತ ನಮ್ಮ ತಂಗಿ ಮಗ ರವಿಕಿರಣನ ಕೈಯಾಗ ಕೊಟ್ಟು ಕಳಿಸೀನಿ."

"ಎಲ್ಲಿಗ್ರಿ?"

"ಔರಾದಕ್ಕ. ಆಂವ ಔರಾದ ಬಸ್ಸಿನ ಕಂಡಕ್ಟರ ಅಲ್ಲೇನ್ರಿ? ಏಳಕ್ಕ ಹೋದ." ಉಪಕಾರ ಮಾಡಿದವರ ಮುಖದಲ್ಲಿ ಇರುವ ತೃಪ್ತಿ ಟೀಚರ ಮುಖದಲ್ಲಿತ್ತು.

ಶ್ರೀಪಾದರಾಯರು ನಿಂತಲ್ಲೇ ಲೆಕ್ಕ ಹಾಕಿದರು. ತಾವಿರುವುದು ಬೀದರದಲ್ಲಿ. ಒಂದು ಆಧಾರ ಕಾರ್ಡು ಪಶ್ಚಿಮಕ್ಕೆ ಭಾಲ್ಕಿಯಲ್ಲಿ, ಇನ್ನೊಂದು ಉತ್ತರಕ್ಕೆ ಔರಾದದಲ್ಲಿ. ವಿಮಾನ ಪೂರ್ವದಲ್ಲಿ. ದಕ್ಷಿಣ ಒಂದು ಉಳಿದಿತ್ತು.

ವಿಷಯ ತಿಳಿದ ಕುಮುದಿನಿ ಕಾರಿನಿಂದ ಇಳಿಯಲಿಲ್ಲ, ಕಿಟಕಿಯಿಂದಲೇ ಹೇಳಿದಳು. "ಗಂಟು ಬಿಡ್ರಿ. ಓಟಿನ ಕಾರ್ಡು ಕಪಾಟಿನಾಗ ಅವ. ತೊಗೊಂಡು ಬರ್ರಿ, ಹೋಗಾಮಿ."

ಅದಕ್ಕಿಂತ ಸರಳವಾದ ಮಾತು ಆ ದಿನ ಮತ್ತೆ ಯಾರ ಬಾಯಿಂದಲೂ ಬರಲಿಲ್ಲ. ಆದರೆ ಹೊಸ್ತಿಲಿನ ಮೇಲೆ ಪುತಳಾಬಾಯಿ ಎರಡೂ ಕೈ ಚಾಚಿ ನಿಂತಿದ್ದರು.

"ಒಳಗ ಕಾಲಿಡಬ್ಯಾಡ ಶ್ರೀಪ್ಯಾ! ನಿನ್ನಿ ಹೊರಟೋನು ನೀನು."

"ಹಂಗಾದ್ರ ನೀವೇ ಕಪಾಟ ತಗದು ಕೊಡ್ರಿ ಅತ್ಯಾ."

"ಕೊಟ್ಟರ ಏನಾಗತದ ಗೊತ್ತದೇನು? ಮನಿಯಿಂದ ಹೊಸಾ ವಸ್ತು ಹೊರಗ ಬಿತ್ತಂದ್ರ ಹೊಸದಾಗಿ ಹೊರಟಂಗ. ಹೊಸದಾಗಿ ಹೊರಟರ ಇವತ್ತು ಯಾವ ದಿನ? ಶನಿವಾರ! ಹೆಂಡ್ತಿನ್ನ ಕರ್ಕೊಂಡು ಆಕಾಶದಾಗ ಹೋಗೋನು, ಶೂಲಿ ಕಟ್ಕೊಂಡು ಹೋಗ್ತೀಯೇನು?"

ಮಾತು ಅಡ್ಡಾದಿಡ್ಡಿಯಾಗಿದ್ದರೂ ಒಳಗೊಂದು ತರ್ಕವಿತ್ತು, ಅದೇ ಅದರ ತೊಂದರೆ. ಮೊಬೈಲಿನಲ್ಲಿ ಆಧಾರ ತೆಗೆಯೋಣವೆಂದರೆ ಅದಕ್ಕೆ ಜೋಡಿಸಿದ್ದ ನಂಬರು ಮೂರು ವರ್ಷದ ಹಿಂದೆ ಫೋನಿನ ಸಮೇತ ಹಲಬರ್ಗಾದ ಬಾವಿಗೆ ಬಿದ್ದಿತ್ತು. ಶ್ರೀಪಾದರಾಯರು ಕಲೀಮನಿಗೆ ಫೋನು ಮಾಡಿದರು.

"ಫಿಕರ್ ಮಾಡಬ್ಯಾಡ್ರಿ ರಾಯರ," ಅಂದ ಕಲೀಮ, ಹಿಂದೆ ಮದುವೆಯ ಗದ್ದಲ. "ನಿಮ್ಮ ಅಮಾನತು, ನೀವು ನಂಬಿ ಇಟ್ಟ ಗಂಟು, ನನ್ನ ಹತ್ರ ಅದ. ನೆಲದ ಮ್ಯಾಲ ಸುದ್ದಾ ಇಟ್ಟಿಲ್ಲ. ನಿಕಾ ಮುಗೀತಂದ್ರ ಗಾಡಿ ಮ್ಯಾಲ ಬಂದು ಹನ್ನೊಂದೂವರಿಗಿ ಹೈದರಾಬಾದ ರೋಡಿನ ಶಹಾಪುರ ಗೇಟಿನ ಹತ್ರ ನಿಮ್ಮ ಕೈಯಾಗ ಕೊಡ್ತೇನಿ."

ಭಾಲ್ಕಿಯ ಚಿಂತೆ ಹೋಯಿತು. ಕಾರು ಔರಾದದ ಕಡೆಗೆ ತಿರುಗಿತು. ಏರಪೋರ್ಟಿಗೆಂದು ಉಟ್ಟ ಸೀರೆಯಲ್ಲಿ ಕುಮುದಿನಿ ಏರಪೋರ್ಟಿಗೆ ಬೆನ್ನು ಮಾಡಿ ಕೂತು ಹೊರಟಳು. ತಲೆಯ ಮೇಲೆ ತರಬೇತಿ ವಿಮಾನವೊಂದು ಹಾದುಹೋಯಿತು. ಅವಳು ನೋಡಲಿಲ್ಲ. ಶ್ರೀಪಾದರಾಯರು ಅದನ್ನು ಗಮನಿಸಿದರು.

ಔರಾದ ಬಸ್‌ಸ್ಟ್ಯಾಂಡಿಗೆ ಬಂದಾಗ ಹತ್ತೂ ಹತ್ತು. ರವಿಕಿರಣನ ಬಸ್ಸು ಹತ್ತಕ್ಕೆ ಬೀದರಕ್ಕೆ ವಾಪಸು ಹೊರಟಿತ್ತು. ಹೊರಟ ಬಸ್ಸು ಎದುರಿಗೇ ಹಾದುಹೋಗಿದ್ದನ್ನು, ಅದರ ಬಾಗಿಲಲ್ಲಿ ರವಿಕಿರಣ ನಿಂತು ಇವರಿಗೆ ಕೈ ಬೀಸಿದ್ದನ್ನು, ಇವರೂ ತಿರುಗಿ ಕೈ ಬೀಸಿದ್ದನ್ನು ನೆನೆಸಿಕೊಂಡು ಶ್ರೀಪಾದರಾಯರು ಹಣೆ ಹಣೆ ಬಡಿದುಕೊಂಡರು.

"ಹಿಡೀತೇನ್ರಿ ಸಾಹೇಬ್ರ, ಗಟ್ಟಿ ಕೂಡ್ರಿ," ಅಂದ ಜುನೈದ.

ಸಂತಪುರದಲ್ಲಿ ಬಸ್ಸು ಸಿಕ್ಕಿತು. ಶ್ರೀಪಾದರಾಯರು ಓಡಿ ಹೋಗಿ ಬಾಗಿಲು ಬಡಿದರು.

"ಕಾಕಾ, ನೀವ್ಯಾಕ ಬಂದ್ರಿ?" ರವಿಕಿರಣನಿಗೆ ಆಶ್ಚರ್ಯ. "ಯಾರ ಮನ್ಯಾಗೂ ಇಡಲಿಲ್ರಿ ನಾ. ಮನಿ ಅಂದ್ರ ಒಂದೇ ಕಡಿ ನಿಂತಿರ್ತದ. ನನ್ನ ಬಸ್ಸಿನಾಗ ಇದ್ರ ನಿಮ್ಮ ಪ್ರಯಾಣ ನಡದೇ ಇರ್ತದ ಅಂತ ಜೋಪಾನ ಮಾಡೀನಿ." ಡ್ರೈವರನ ತಲೆಯ ಮೇಲೆ ದೇವರ ಫೋಟೋದ ಪಕ್ಕಕ್ಕೆ ಊದಿನಕಡ್ಡಿಯ ಹೊಗೆಯಲ್ಲಿ ಕೆಂಪು ಗಂಟು ತೂಗಾಡುತ್ತಿತ್ತು. ಬೆಳಗಿನಿಂದ ಹತ್ತಿದವರೆಲ್ಲ ಅದಕ್ಕೆ ಕೈ ಮುಗಿದಿದ್ದರಂತೆ. ಅದನ್ನು ಬಿಚ್ಚಲು ಹೋದಾಗ ಮುಂದಿನ ಸೀಟಿನ ಅಜ್ಜಿಯೊಬ್ಬಳು, "ಏ, ದೇವರದು ಯಾಕ ತಗೀತಿ?" ಎಂದು ಕೈಗೆ ಹೊಡೆದಳು. ಅವಳನ್ನು ಒಪ್ಪಿಸುವುದರಲ್ಲಿ ಹತ್ತು ನಿಮಿಷ ಹೋಯಿತು.

ಶಹಾಪುರ ಗೇಟಿನ ಹತ್ತಿರ ಕಲೀಮ ಹೇಳಿದ ಹೊತ್ತಿಗೆ ಸರಿಯಾಗಿ ಸ್ಕೂಟರಿನ ಮೇಲೆ ನಿಂತಿದ್ದ. ಮದುವೆಯ ಶೇರವಾನಿಯಲ್ಲೇ ಬಂದಿದ್ದ. ಎರಡೂ ಕೈಯಿಂದ ಗಂಟು ಕೊಟ್ಟ.

"ಈಗೇ ಬಿಚ್ಚಿ ನೋಡ್ರಿ," ಅಂದಳು ಕುಮುದಿನಿ.

"ಏರಪೋರ್ಟ ಮುಟ್ಟೋತನಕ ಬಿಚ್ಚಬಾರದು. ಇಷ್ಟೆಲ್ಲಾ ಮಾಡಿ ಈಗ್ಯಾಕ ನೇಮ ಮುರೀಬೇಕು?" ಶ್ರೀಪಾದರಾಯರು ಎರಡೂ ಗಂಟುಗಳನ್ನು ಹಿಚುಕಿ ನೋಡಿದರು. ಎರಡರಲ್ಲೂ ಗಟ್ಟಿ ಗಟ್ಟಿ ಉಬ್ಬುಗಳು, ಎರಡರಲ್ಲೂ ಕಾರ್ಡಿನ ಚೂಪು ಅಂಚು ಕೈಗೆ ಹತ್ತಿತು. "ಅದ. ನಡಿ ಜುನೈದ, ಜಲ್ದಿ ನಡಿ."

ಸದಾಶಿವಪೇಟೆಯ ಹತ್ತಿರ ಗಾಲಿ ಪಂಕ್ಚರಾಯಿತು. ಸ್ಟೆಪ್ನಿ ತೆಗೆದು ನೋಡಿದರೆ ಅದರಲ್ಲೂ ಗಾಳಿ ಇರಲಿಲ್ಲ. ಆ ಅರ್ಧ ತಾಸನ್ನು ಶ್ರೀಪಾದರಾಯರು ರಸ್ತೆಯ ಬದಿಗೆ ಎರಡು ಕೈಯಲ್ಲಿ ಎರಡು ಗಂಟು ಹಿಡಿದು ನಿಂತು ಕಳೆದರು. ಹಾದುಹೋಗುವ ಲಾರಿಯವರು ಯಾವುದೋ ಹರಕೆಯವನೆಂದು ತಿಳಿದು ದಾರಿ ಬಿಟ್ಟು ಹೋದರು.

ಏರಪೋರ್ಟಿನ ಮೇಲ್ಸೇತುವೆ ಹತ್ತಿದಾಗ ಗಂಟೆ ಮೂರು. ಕುಮುದಿನಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಎದುರಿಗೆ ಊರಿಗೆ ಊರೇ ಹಿಡಿಸುವಂಥ ಗಾಜಿನ ಕಟ್ಟಡ, ಮೇಲೆ ಹಾಯಿಯಂತೆ ಚಾಚಿದ ಚಾವಣಿ. ಉಮ್ರಾ ಯಾತ್ರೆಗೆ ಹೊರಟವರಿಗೆ ಹಾರ ಹಾಕಿ ಅಳುತ್ತಿದ್ದ ನೆಂಟರು, ನಿದ್ದೆಗಣ್ಣಿನ ಸೂಟಿನವರು, ಉಪ್ಪಿನಕಾಯಿಯ ಡಬ್ಬಿಗೆ ಟೇಪು ಸುತ್ತುತ್ತಿದ್ದ ತಾಯಂದಿರು. ಕಟ್ಟಡದ ಹಿಂದಿನಿಂದ ಒಂದು ವಿಮಾನ ಎದ್ದಿತು. ಬೀದರದ ಮೇಲೆ ಸುತ್ತುವ ಗುಬ್ಬಿಯಲ್ಲ ಇದು, ಎಮ್ಮೆಯಂಥ ವಿಮಾನ. ಕುಮುದಿನಿಯ ಬಾಯಿ ಇಪ್ಪತ್ನಾಲ್ಕು ವರ್ಷದ ಹಿಂದೆ ತೆರೆದಂತೆಯೇ ತೆರೆಯಿತು.

"ಇಷ್ಟು ದೊಡ್ಡದಿರ್ತದೇನ್ರಿ!" ಅಂದಳು. ಆ ಒಂದು ಮಾತಿಗೆ ಬೆಳಗಿನಿಂದ ಪಟ್ಟ ಪಾಡೆಲ್ಲ ವಸೂಲಾಯಿತು ಅನಿಸಿತು ಶ್ರೀಪಾದರಾಯರಿಗೆ. ಅವರಿಗೆ ನಿಜಕ್ಕೂ ಕಣ್ಣು ತುಂಬಿ ಬಂತು.

ಬಾಗಿಲಲ್ಲಿ ಸಾಲು ಇತ್ತು. ಬಂದೂಕಿನ ಜವಾನ ಒಬ್ಬೊಬ್ಬರದೇ ಟಿಕೆಟ್ಟು, ಗುರುತಿನ ಚೀಟಿ ನೋಡಿ ಬಿಡುತ್ತಿದ್ದ. ಶ್ರೀಪಾದರಾಯರ ಸರದಿ ಬಂತು. ಅವರು ಹಲ್ಲಿನಿಂದ ದಾರ ಕಡಿದು ಮೊದಲನೆಯ ಗಂಟು ಬಿಚ್ಚಿದರು. ಅಕ್ಕಿ, ಅಡಕೆ, ಅರಿಸಿನ ಕೊಂಬು, ಕುಮುದಿನಿಯ ಆಧಾರ ಕಾರ್ಡು. ಜವಾನ ಅಕ್ಕಿಯನ್ನು ನೋಡಿದ, ಇವರನ್ನು ನೋಡಿದ, ಏನೂ ಅನ್ನದೆ ಕಾರ್ಡು ನೋಡಿ ಅವಳನ್ನು ಒಳಗೆ ಬಿಟ್ಟ.

ಎರಡನೆಯ ಗಂಟು ಬಿಚ್ಚಿದರು. ಐದು ಉತ್ತತ್ತಿ ಉರುಳಿದವು. ಹಿಂದಿನಿಂದ ಕಲ್ಲುಸಕ್ಕರೆ. ಅದರ ಹಿಂದಿನಿಂದ ಮಿರಿಮಿರಿ ಮಿನುಗುವ ಪುಟ್ಟ ಕಾರ್ಡು ಒಂದು ಹೊರಗೆ ಬಂತು. ಅದರ ಮೇಲೆ ಬಂಗಾರದ ಅಕ್ಷರದಲ್ಲಿ ವಧೂವರರ ಹೆಸರಿತ್ತು.

ಜವಾನ ಅದನ್ನು ಓದಿ, ಗಂಭೀರವಾಗಿ, "ಮುಬಾರಕ್ ಹೋ" ಅಂದ. "ಅಬ್ ಆಪ್‌ಕಾ ಆಧಾರ್?"

ಶ್ರೀಪಾದರಾಯರು ಚೀಲ ಒಳಹೊರಗು ಮಾಡಿ ಕೊಡವಿದರು. ಒಂದು ಉತ್ತತ್ತಿ ಉಳಿದಿತ್ತು, ಅದೂ ಬಿತ್ತು. ತಮಗೆ ಬರುವಷ್ಟು ಬೀದರದ ಹಿಂದಿಯಲ್ಲಿ ಕೈ ಜೋಡಿಸಿದರು. "ಸಾಬ್, ಆಧಾರ ಮೇಂ ಮೇರಾಚ್ ಫೋಟೋ ಹೈ. ಮೈ ಖುದ್ ಸಾಮನೇ ಖಡಾ ಹೂಂ. ಫೋಟೋ ಸೇ ಅಚ್ಛಾ ದಿಖತೂಂ ಸಾಬ್, ದೇಖೋ ನಾ!" ಫೋಟೋದವನೇ ಎದುರು ನಿಂತಿದ್ದಾನೆ, ಫೋಟೋಕ್ಕಿಂತ ಚೆನ್ನಾಗಿಯೂ ಕಾಣುತ್ತಾನೆ ಎಂಬುದು ಅವರ ವಾದ.

ಜವಾನ ಕೆಟ್ಟವನಲ್ಲ. ಬೇರೆ ಯಾವುದಾದರೂ ಚೀಟಿ ಇದ್ದರೆ ತೋರಿಸಿ ಅಂದ. ಶ್ರೀಪಾದರಾಯರು ಕಾಲೇಜಿನ ಗುರುತಿನ ಚೀಟಿ ತೋರಿಸಿದರು. ಖಾಸಗಿ ಕಾಲೇಜಿನದು ನಡೆಯುವುದಿಲ್ಲ ಅಂದ. ಮನೆಗೆ ಫೋನು ಮಾಡಿ ಓಟಿನ ಕಾರ್ಡಿನ ಫೋಟೋ ಕಳಿಸಲು ಹೇಳಿದರೆ ಪುತಳಾಬಾಯಿ, "ಫೋಟೋ ಕಳಿಸಿದ್ರೂ ವಸ್ತು ಕಳಿಸಿದಂಗೇ" ಎಂದು ಕಟ್ ಮಾಡಿದರು. ಫೋಟೋ ಬಂದರೂ ನಡೆಯುತ್ತಿರಲಿಲ್ಲ ಎಂದು ಜವಾನ ಸಮಾಧಾನ ಹೇಳಿದ.

ಅಷ್ಟರಲ್ಲಿ ಹಿಂದಿನ ಸಾಲು ಬೆಳೆದಿತ್ತು. ಸರಿಯಾಗಿ ಬೆನ್ನ ಹಿಂದೆ ನಿಂತಿದ್ದ, ಅತ್ತರು ಹಚ್ಚಿಕೊಂಡ ಗಡ್ಡದ ಗೃಹಸ್ಥನೊಬ್ಬ ಬಹಳ ವಿನಯದಿಂದ, "ಚಾಚಾ, ಸ್ವಲ್ಪ ಬಾಜೂಕ್ಕ ಸರೀರಿ, ದಿಲ್ಲಿ ಫ್ಲೈಟಿಗಿ ಟೈಮ್ ಆಗ್ಯದ" ಅಂದ. ಶ್ರೀಪಾದರಾಯರು ಸರಿದರು. ಅವನು ಬಿದ್ದ ಉತ್ತತ್ತಿಗಳನ್ನು ಆರಿಸಿ ಇವರ ಕೈಗಿಟ್ಟು, ತನ್ನ ಚೀಟಿ ತೋರಿಸಿ ಒಳಗೆ ಹೋದ. ಹೊತ್ತು ಮೂರೂ ಇಪ್ಪತ್ತು.

ಗಾಜಿನ ಆಚೆ ಕುಮುದಿನಿ ನಿಂತಿದ್ದಳು. ಅವಳ ಹಿಂದೆ ಹೊಳೆಯುವ ನೆಲ, ಏರುವ ಮೆಟ್ಟಿಲು, ದೀಪಗಳು. ಅವಳು ಇವರನ್ನೂ ನೋಡಿದಳು, ಹಿಂದೆಯೂ ನೋಡಿದಳು. ಮೂರನೆಯ ಸಲವೂ ಇವಳ ಸೀರೆ ಕಪಾಟಿಗೆ ಹೋಗಬಾರದು. ತ್ಯಾಗ ಮಾಡಬೇಕಾದ ಗಳಿಗೆ ಇದೇ ಎಂದು ಶ್ರೀಪಾದರಾಯರಿಗೆ ಕಂಡಿತು. ಅವಳು ಬೇಡವೆನ್ನುತ್ತಾಳೆ, ನಾನು ಒತ್ತಾಯ ಮಾಡಬೇಕು, ಅವಳು ಅಳುತ್ತಾಳೆ, ನಾನು ಸಮಾಧಾನ ಮಾಡಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಕಟಕಟೆಯ ಮೇಲಿಂದ ಕೂಗಿದರು.

"ಕುಮುದಿನಿ, ನನ್ನ ಚಿಂತಿ ಮಾಡಬ್ಯಾಡ. ನೀ ಒಬ್ಬಾಕಿನೇ..."

"ಹೂನ್ರಿ," ಅಂದಳು ಕುಮುದಿನಿ. ಹೊರಟೇಬಿಟ್ಟಳು.

ಹತ್ತು ಹೆಜ್ಜೆ ಹೋದವಳು ತಿರುಗಿ ಓಡಿ ಬಂದಳು. ಶ್ರೀಪಾದರಾಯರ ಮನಸ್ಸು ಅರಳಿತು. ಎಷ್ಟೆಂದರೂ ಇಪ್ಪತ್ನಾಲ್ಕು ವರ್ಷದ ಸಂಸಾರ.

"ಚಕ್ಕಲಿ ಡಬ್ಬಿ ನಿಮ್ಮ ಚೀಲದಾಗ ಉಳದದರಿ. ಭಕ್ತಿ ಸಲುವಾಗಿ ಮಾಡೀನಿ, ಇತ್ಲಾಗ ಕೊಡ್ರಿ." ಜವಾನನ ಕೈಯಿಂದ ಡಬ್ಬಿ ದಾಟಿಸಿದ ಮೇಲೆ, "ರೊಟ್ಟಿ ಗಂಟು ಕಾರಿನಾಗ ಅದ, ಹೊಟ್ಟಿ ಹಸ್ಕೊಂಡು ಹೋಗಬ್ಯಾಡ್ರಿ" ಅಂದಳು. ಆ ಮಾತಿನಲ್ಲಿ ಪ್ರೀತಿ ಇತ್ತು. ಕಾಲಿನಲ್ಲಿ ಮಾತ್ರ ಅವಸರವಿತ್ತು.

ನಾಲ್ಕೂವರೆಗೆ ಹೊರವಲಯದ ರಸ್ತೆಯಲ್ಲಿ ಕಾರು ನಿಲ್ಲಿಸಿ ಶ್ರೀಪಾದರಾಯರು ಮೇಲೆ ನೋಡಿದರು. ಒಂದರ ಹಿಂದೊಂದು ವಿಮಾನ ಹೋದವು. ಅವಳದು ಯಾವುದೆಂದು ತಿಳಿಯದೆ ಮೂರಕ್ಕೂ ಕೈ ಬೀಸಿದರು. ಜುನೈದನೂ ಬೀಸಿದ.

ಬೀದರ ಮುಟ್ಟಿದಾಗ ಏಳು ದಾಟಿತ್ತು, ಓಣಿಯಲ್ಲಿ ದೀಪ ಹತ್ತಿದ್ದವು. ಪುತಳಾಬಾಯಿ, ಬಸವೇಶ್ವರಿ ಟೀಚರು, ಭಾಲ್ಕಿಯಿಂದ ಮರಳಿದ್ದ ಕಲೀಮ ಎಲ್ಲರೂ ಕಟ್ಟೆಯ ಮೇಲೆ ಕಾದು ಕೂತಿದ್ದರು. ಕಲೀಮನ ಮುಖ ಹುಳ್ಳಗಾಗಿತ್ತು.

"ತಪ್ಪಾಯ್ತು ರಾಯರ. ನಿಕಾದಾಗ ಹಂಚಲಿಕ್ಕ ನಾನೇ ಐವತ್ತು ಚೀಲ ಹೊಲದಿದ್ದೆ, ಉತ್ತತ್ತಿ ಕಟ್ಟಿ. ಅದೇ ಬಟ್ಟಿದಾಗೇ ನಿಮ್ಮವೂ ಹೊಲದಿದ್ದೆ. ನೆಲದ ಮ್ಯಾಲ ಇಡಬಾರದಂತ ನಿಮ್ಮದು ತಾಟಿನಾಗ ಇಟ್ಟಿದ್ದೆ. ಯಾರೋ ಆ ತಾಟೇ ತೊಗೊಂಡು ಹಂಚಿಬಿಟ್ಟಾರ. ಯಾರಿಗಿ ಹೋಗ್ಯದೋ ಏನೋ, ನಿಮ್ಮ ಫೋನ್ ಬಂದಾಗಿಂದ ಎಲ್ಲಾರಿಗೂ ಕೇಳ್ಲತ್ತೇನಿ."

ಶ್ರೀಪಾದರಾಯರಿಗೆ ಸಿಟ್ಟು ಮಾಡುವಷ್ಟೂ ತ್ರಾಣವಿರಲಿಲ್ಲ. ಮನೆಯೊಳಗೆ ಹೋಗಿ ಕಾಲು ಚಾಚಿದರೆ ಸಾಕಿತ್ತು. ಹೊಸ್ತಿಲಿನ ಕಡೆಗೆ ಹೆಜ್ಜೆ ಇಡುವಾಗ ಫೋನು ಬಂತು. ಕುಮುದಿನಿ. ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದರು.

"ಮುಟ್ಟಿದೇವ್ರಿ!" ಅಂದಳು ಕುಮುದಿನಿ. ದನಿ ಇನ್ನೂ ನೆಲಕ್ಕೆ ಇಳಿದಿರಲಿಲ್ಲ. "ಮೋಡಾ ಕೆಳಗ ಇರ್ತಾವ್ರಿ! ಹಿಂಜಿದ ಅರಳಿ ಹಾಸಿದಂಗ!"

"ಮುಟ್ಟಿದೇವಿ ಅಂದ್ರ? ಯಾರ್ಯಾರು ಮುಟ್ಟಿದಿರಿ?"

"ನಾನೂ, ನೀವೂ."

ಕಟ್ಟೆಯ ಮೇಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು.

"ನನ್ನ ಬಾಜೂ ಸೀಟಿನಾಗ ಬಿಲಾಲ ಅಂತ ಒಬ್ರು ಕೂತಿದ್ರು. ಬಾಗಲದಾಗ ನಿಮಗ ಸರೀರಿ ಅಂದ್ರಲ್ಲ, ಗಡ್ಡದವರು, ಅವರೇ. ಭಾಲ್ಕಿ ನಿಕಾ ಮುಗಿಸಿ ಸೀದಾ ಏರಪೋರ್ಟಿಗಿ ಬಂದಾರಂತ. ವಿಮಾನ ಮ್ಯಾಲ ಏರಿದ ಮ್ಯಾಲ ಉತ್ತತ್ತಿ ತಿನ್ನೂಣಂತ ಕಿಸೇದಾಗಿನ ಗಂಟು ಬಿಚ್ಚಿದ್ರು ನೋಡ್ರಿ, ಅಕ್ಕಿ ಬಿತ್ತು. ಆಮ್ಯಾಲ ಅಡಕಿ. ಆಮ್ಯಾಲ ನೀವು!"

ಶ್ರೀಪಾದರಾಯರು ಗೋಡೆ ಹಿಡಿದುಕೊಂಡರು. ತಾವು ಕೈ ಜೋಡಿಸಿ ಗೋಗರೆಯುತ್ತಿದ್ದ ಅಷ್ಟು ಹೊತ್ತೂ ತಮ್ಮ ಆಧಾರ ಕಾರ್ಡು ತಮ್ಮ ಬೆನ್ನ ಹಿಂದೆ ಒಂದು ಮೊಳ ದೂರದಲ್ಲಿ, ಪಾಪ, ಅವಸರ ಮಾಡುತ್ತ ನಿಂತಿತ್ತು. ತಾವೇ ಸರಿದು ಅದಕ್ಕೆ ದಾರಿ ಬಿಟ್ಟಿದ್ದರು.

"ಕಾರ್ಡು ನನ್ನ ಹತ್ರ ಅದ," ಅಂದಳು ಕುಮುದಿನಿ. "ಬರುವಾಗ ತರ್ತೇನಿ. ನಿಮ್ಮ ಸೀಟಿನಾಗ ನನ್ನ ಚೀಲ ಇಟ್ಟಿದ್ದೆ, ಭಾಳ ಅನುಕೂಲ ಆಯ್ತು." ಫೋನು ಇಟ್ಟಳು.

ಪುತಳಾಬಾಯಿ ಎದ್ದು ನಿಂತರು. ಅವರ ಕಣ್ಣಲ್ಲಿ ನೀರಿತ್ತು. "ಕೇಳಿದ್ರಿ ಎಲ್ಲಾರೂ? ಪ್ರಸ್ಥಾನ ಸುಳ್ಳಾಗಂಗಿಲ್ಲ! ಶುಕ್ರವಾರ ಹೊರಟಿದ್ದು ಹೇಳಿದಂಗ ದಿಲ್ಲಿ ಮುಟ್ಟೇಬಿಟ್ಟದ!"

"ಉತ್ತರಕ್ಕ," ಅಂದರು ಬಸವೇಶ್ವರಿ ಟೀಚರು.

ಶ್ರೀಪಾದರಾಯರು ಚಪ್ಪಲಿ ಬಿಟ್ಟು ಹೊಸ್ತಿಲಿಗೆ ಕಾಲೆತ್ತಿದರು. ಪುತಳಾಬಾಯಿ ಅಡ್ಡ ಬಂದರು.

"ಎಲ್ಲಿಗಿ?"

"ಮನಿಯೊಳಗ ಅತ್ಯಾ. ದಣಕೊಂಡೀನಿ."

"ಹ್ಯಾಂಗ ಬರ್ತಿ ಒಳಗ? ನೀ ದಿಲ್ಲಿಯಾಗ ಇದ್ದೀ. ಇಷ್ಟು ಮಂದಿ ಮುಂದ ನಿನ್ನ ಹೆಂಡ್ತಿನೇ ಹೇಳ್ಯಾಳ. ದಿಲ್ಲಿಯಾಗ ಇದ್ದಾಂವ ಬೀದರದಾಗ ಹೊಸ್ತಿಲ ತುಳದ್ರ ಅಲ್ಲಿದ್ದ ಆಕಿಗಿ ಏನಾಗಬೇಕು?"

"ಹಂಗಾದ್ರ ನಾ ಏನ್ ಮಾಡ್ಲಿ?"

"ಗುರುವಾರ ಆಕಿ ಬರ್ತಾಳಲ್ಲ, ಆಕಿ ಜೋಡಿ ಬಾ," ಅಂದರು ಪುತಳಾಬಾಯಿ. ಮಮತೆಯಿಂದ ತಲೆ ಸವರಿದರು. ಒಳಗೆ ಹೋಗಿ ಅಗಳಿ ಹಾಕಿಕೊಂಡರು.

ಶ್ರೀಪಾದರಾಯರು ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡರು. ಕಲೀಮ ಮೆಲ್ಲಗೆ ಬಂದು ಅವರ ಚೀಲ ಎತ್ತಿಕೊಂಡ.

"ನಮ್ಮನಿಗಿ ನಡೀರಿ ರಾಯರ. ಪೂರ್ವಕ್ಕೇ ಅದ."